ಮಗಳಿಗೆ ರೋಮನ್ ಹೆಸರು ಇಡಬಹುದಾ?

ಪ್ರಶ್ನೆ: ಇನ್ನೆರಡು ತಿಂಗಳಲ್ಲಿ ನಮಗೆ ಮಗು ಆಗಲಿದೆ. ನಮ್ಮ ಯಜಮಾನರಿಗೆ ಪ್ರಾಚೀನ ರೋಮ್ ಅಂದರೆ ಪ್ರಾಣ. ಹೆಣ್ಣಾದರೆ ಕ್ಲಾಡಿಯಾ, ಗಂಡಾದರೆ ಮಾರ್ಕಸ್ ಅಂತ ಇಡೋಣ ಅಂತಾರೆ. ಕ್ಲಾಡಿಯಾ ಅಂದ್ರೆ ‘ಕುಂಟಿ’ ಅಂತ ಗೊತ್ತಾದ ಮೇಲೆ ಅತ್ತೆ ಸುತಾರಾಂ ಒಪ್ಪುತ್ತಿಲ್ಲ. ಏನು ಮಾಡಲಿ?
— ಓದುಗರು, ಮೈಸೂರು

ಉತ್ತರ: ನಿಮ್ಮ ಅತ್ತೆ ಕೇಳಿದ ಅರ್ಥ ಸುಳ್ಳಲ್ಲ. ಲ್ಯಾಟಿನ್‌ನಲ್ಲಿ ‘ಕ್ಲಾಡಸ್’ ಅಂದರೆ ಕುಂಟ. ಆದರೆ ರೋಮ್‌ನಲ್ಲಿ ಕ್ಲಾಡಿಯಾ ಅಂದರೆ ಜನರಿಗೆ ನೆನಪಾಗುತ್ತಿದ್ದದ್ದು ಕ್ಲಾಡಿಯಸ್ ಮನೆತನ. ಚಕ್ರವರ್ತಿಗಳನ್ನೇ ಕೊಟ್ಟ ಮನೆತನ ಅದು. ನಾವು ಅಂಗಡಿ, ಪಾಟೀಲ ಅನ್ನುವಾಗ ಅರ್ಥ ಬಿಡಿಸುತ್ತಾ ಕೂರುವುದಿಲ್ಲ, ಅಲ್ವಾ?

ಅರ್ಥಕ್ಕೆ ನಾಚದವರೂ ಇದ್ದರು. ರೋಮ್‌ನ ಹೆಸರಾಂತ ಭಾಷಣಕಾರ ಸಿಸೆರೋನ ಹೆಸರು ಬಂದದ್ದು ಕಡಲೆಕಾಳಿನಿಂದ. ಅವನ ಪೂರ್ವಜನೊಬ್ಬನ ಮೂಗಿನ ತುದಿ ಕಡಲೆಯ ಹಾಗೆ ಸೀಳಿತ್ತು ಅಂತ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ರಾಜಕೀಯಕ್ಕೆ ಇಳಿಯುವಾಗ ಸ್ನೇಹಿತರು ಈ ಹೆಸರು ಬದಲಾಯಿಸು ಅಂದರು. ಅವನು ಕೇಳಲಿಲ್ಲ. ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಬೆಳ್ಳಿಯ ಪಾತ್ರೆ ಒಪ್ಪಿಸಿದ. ಅದರ ಮೇಲೆ ಮಾರ್ಕಸ್, ಟುಲಿಯಸ್ ಅಂತ ಎರಡು ಹೆಸರು ಕೊರೆಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಯ ಚಿತ್ರ ಮಾಡಿಸಿದನಂತೆ! ನನಗೆ ತುಂಬಾ ಇಷ್ಟವಾದ ಕತೆ ಇದು.

ಹೆಣ್ಣುಮಕ್ಕಳ ವಿಷಯ ಮಾತ್ರ ಬೇಸರ ತರಿಸುತ್ತದೆ. ಅವರಿಗೆ ಸಾಮಾನ್ಯವಾಗಿ ಅಪ್ಪನ ಕುಲದ ಹೆಸರೇ ಗತಿ. ಜೂಲಿಯಸ್ ಸೀಸರ್‌ನ ಇಬ್ಬರು ಅಕ್ಕತಂಗಿಯರೂ ಜೂಲಿಯಾ, ಅತ್ತೆಯೂ ಜೂಲಿಯಾ, ಮಗಳೂ ಜೂಲಿಯಾ. ರೋಮ್‌ನ ಸೇನಾನಾಯಕ ಮಾರ್ಕ್ ಆಂಟನಿ ಮತ್ತು ಅವನ ಹೆಂಡತಿ ಆಕ್ಟೇವಿಯಾಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಆಂಟೋನಿಯಾ. ದೊಡ್ಡವಳು, ಚಿಕ್ಕವಳು ಅಂತ ಗುರುತು ಅಷ್ಟೇ.

ಹಾಗಾಗಿ ಅರ್ಥಕ್ಕಿಂತ ಜಾಸ್ತಿ, ಆ ಹೆಸರು ಹೊತ್ತು ಬಾಳಿದವರು ಯಾರು ಅಂತ ನೋಡಿ. ನನ್ನನ್ನು ಕೇಳಿದರೆ ಲಿವಿಯಾ ಇಡಿ. ಆಗಸ್ಟಸ್ ಚಕ್ರವರ್ತಿಯ ಹೆಂಡತಿ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಜೊತೆ ಬಾಳಿದವಳು. ರೋಮ್‌ನ ಹೊರಗಿದ್ದ ಅವಳ ಮನೆಯಲ್ಲಿ ನೆಲದಡಿಯ ಕೋಣೆಯೊಂದರ ನಾಲ್ಕೂ ಗೋಡೆಗೆ ತೋಟದ ಚಿತ್ರ ಬರೆಸಲಾಗಿತ್ತು. ದಾಳಿಂಬೆ ಗಿಡ, ಕೊಂಬೆ ಕೊಂಬೆಯಲ್ಲೂ ಹಕ್ಕಿ. ಆ ಗೋಡೆಗಳು ಈಗಲೂ ರೋಮ್‌ನ ಮ್ಯೂಸಿಯಂನಲ್ಲಿವೆ. ನಮ್ಮ ಬಾಯಿಗೂ ಈ ಹೆಸರು ಸಲೀಸು. ಸೀಸರ್‌ನ ತಾಯಿ ಆರೇಲಿಯಾಳ ಹೆಸರೂ ಚೆನ್ನಾಗಿದೆ.

ಗಂಡು ಮಗುವಾದರೆ ಮಾರ್ಕಸ್ ಧಾರಾಳವಾಗಿ ಇಡಿ. ಯುದ್ಧದೇವತೆ ಮಾರ್ಸ್‌ನ ನಂಟಿರುವ ಹೆಸರು. ಮಾರ್ಕ್ ಆಂಟನಿಯ ಹೆಸರೂ ಲ್ಯಾಟಿನ್‌ನಲ್ಲಿ ಮಾರ್ಕಸ್ಸೇ. ಅವನು ಸೋತು ಸತ್ತ ಮೇಲೆ, ಅವನ ವಂಶದಲ್ಲಿ ಇನ್ಯಾರೂ ಮಾರ್ಕಸ್ ಅಂತ ಇಡಕೂಡದು ಅಂತ ರೋಮ್‌ನ ಹಿರಿಯರ ಸಭೆ ಸೆನೆಟ್ ಅಪ್ಪಣೆ ಮಾಡಿತ್ತು. ಮುಂದೆ ಅದೇ ಹೆಸರಿಗೆ ಮಾರ್ಕಸ್ ಆರೇಲಿಯಸ್ (ಕ್ರಿ.ಶ. 121–180) ಅಂಥ ಚಿಂತಕ ಚಕ್ರವರ್ತಿಯೂ ಸಿಕ್ಕ. ಕ್ರೂರಿ ಅನ್ನಿಸಿಕೊಂಡ ಚಕ್ರವರ್ತಿ ನೀರೋ, ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್, ಇವರ ಹೆಸರು ಬೇಡ. ಶಾಲೆಯಲ್ಲಿ ಮಗುವಿಗೆ ಸುಮ್ನೆ ಕಿರಿಕಿರಿ.

ಇವು ನಮ್ಮ ನಾಡಿಗೆ ಹೊಸ ಹೆಸರುಗಳೇನಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಫೆಲಿಕ್ಸ್, ಸಿಲ್ವಿಯಾ, ಸಿಸಿಲಿಯಾ ಇದ್ದಾರೆ. ಸಿಸಿಲಿಯಾದ ಮೂಲ ‘ಕುರುಡು’ ಅನ್ನುವ ಶಬ್ದ. ಜನ ನೆನೆಯುವುದು ಮಾತ್ರ ಸಂಗೀತಗಾರರನ್ನು ಕಾಯುವ ಸಂತಳನ್ನು.

ಅತ್ತೆಗೆ ಇನ್ನೊಂದು ವಿಷಯ ಹೇಳಿ. ರೋಮನ್ನರೂ ನಾಮಕರಣಕ್ಕೆ ದಿನ ನೋಡುತ್ತಿದ್ದರು. ಹೆಣ್ಣಿಗೆ 8ನೇ ದಿನ, ಗಂಡಿಗೆ 9ನೇ ದಿನ, ಅವತ್ತೇ ಶುದ್ಧಿ, ಪೂಜೆ. ದೃಷ್ಟಿ ತಾಗದಿರಲಿ ಅಂತ ಮಗುವಿನ ಕೊರಳಿಗೆ ತಾಯಿತ ಬೇರೆ. ತೊಟ್ಟಿಲಲ್ಲಿ ಕಿವಿಗೆ ಹೇಳುವ ಹೆಸರನ್ನು ಅವರೇ ಆರಿಸಲಿ, ಕರೆಯುವ ಹೆಸರು ನಿಮ್ಮದಿರಲಿ. ಜನನ ಪ್ರಮಾಣಪತ್ರಕ್ಕೂ ಅವಸರವಿಲ್ಲ. ಜನನ ನೋಂದಣಿ ಮಾಡಿಸಿ, ಹೆಸರನ್ನು 12 ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಲ್ಲಿಯವರೆಗೆ ಎರಡೂ ಹೆಸರು ಕೂಗಿ ನೋಡಿ.