ಎನ್‌ಐಆರ್ ಯಂತ್ರವಿದ್ದರೂ ಪೆಟ್‌ನಲ್ಲಿ ಪಿವಿಸಿ ಉಳಿಯುತ್ತಿದೆ, ಸೆನ್ಸರ್ ಬದಲಿಸಬೇಕೇ?

ಬಾಟಲಿ ವಿಂಗಡಿಸುವ ಲೈನಿನಲ್ಲಿ ಎನ್‌ಐಆರ್ (ಸಮೀಪ ಅವಕೆಂಪು ಬೆಳಕಿನಿಂದ ಪ್ಲಾಸ್ಟಿಕ್‌ನ ಬಗೆ ಗುರುತಿಸುವ) ಸೆನ್ಸರ್ ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಗಾಳಿಯಿಂದ ಹೊರದಬ್ಬಬೇಕು, ಆದರೂ ಪೆಟ್ (ನೀರು, ತಂಪುಪಾನೀಯದ ಬಾಟಲಿಯ ಪ್ಲಾಸ್ಟಿಕ್) ಜೊತೆ ಪಿವಿಸಿ ಬರುತ್ತಿದೆ, ಕಪ್ಪು ತುಂಡುಗಳಂತೂ ಸಿಗುತ್ತಲೇ ಇಲ್ಲ ಎಂದಿದ್ದೀರಿ. ಸೆನ್ಸರ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಿವಿಸಿ ಯಂತ್ರಕ್ಕೆ ಗುರುತೇ ಸಿಗುತ್ತಿಲ್ಲವೋ, ಅಥವಾ ಗುರುತು ಸಿಕ್ಕ ಮೇಲೆ ಗಾಳಿಯ ಹೊಡೆತ ತಪ್ಪುತ್ತಿದೆಯೋ ಎಂಬುದು ಮೊದಲು ಗೊತ್ತಾಗಬೇಕು.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ ಮತ್ತು ಪಿವಿಸಿಯ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ನೀರಿನ ತೊಟ್ಟಿಯಲ್ಲಿ ಎರಡೂ ಮುಳುಗುತ್ತವೆ; ಇಲ್ಲಿ ತಪ್ಪಿದ್ದು ಅಲ್ಲಿ ಸಿಗುವುದಿಲ್ಲ. ಪೆಟ್ ಕರಗುವ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದು ಪೆಟ್‌ನ ಅಣುಸರಪಳಿಯನ್ನೇ ಕತ್ತರಿಸುವುದರಿಂದ ಮಾಲು ಹಳದಿಯಾಗಿ, ಪೆಡಸಾಗುತ್ತದೆ.

ಖಚಿತವಾಗಿ ಪಿವಿಸಿ ಎಂದು ಗೊತ್ತಿರುವ, ಕಪ್ಪಲ್ಲದ 100 ತುಂಡುಗಳ ಅಂಚಿಗೆ ಸಣ್ಣದಾಗಿ ಬಣ್ಣ ಹಚ್ಚಿ. ಮೊದಲು ಖಾಲಿ ಬೆಲ್ಟ್ ಮೇಲೆ ಒಂದೊಂದಾಗಿ ಬಿಡಿ, ಪರದೆಯಲ್ಲಿ ಯಂತ್ರ ಅವನ್ನು ಏನೆಂದು ತೋರಿಸುತ್ತದೆ ನೋಡಿ. ಆಮೇಲೆ ಅವನ್ನೇ ಮಾಮೂಲಿ ಲೋಡಿನಲ್ಲಿ ಬೆರೆಸಿ ಓಡಿಸಿ, ಪೆಟ್ ಕಡೆ ಎಷ್ಟು ಬಿದ್ದವು ಎಣಿಸಿ. ಒಂಟಿಯಾಗಿ ಹೋದಾಗ ಸಿಕ್ಕಿ, ಲೋಡಿನಲ್ಲಿ ತಪ್ಪಿದರೆ ದೋಷ ಹೆಚ್ಚಾಗಿ ಫೀಡಿಂಗ್‌ನದು, ಅಂದರೆ ಬೆಲ್ಟಿಗೆ ಮಾಲು ಸುರಿಯುವ ರೀತಿಯದು: ತುಂಡುಗಳು ಒಂದರ ಮೇಲೊಂದು ಬೀಳುತ್ತಿವೆ. ಫೀಡರ್ ನಿಧಾನಿಸಿ, ಒಂದೇ ಪದರ ಹರಡುವಂತೆ ಮಾಡಿ. ಚಪ್ಪಟೆಯಾಗದ ದುಂಡು ಬಾಟಲಿ ಬೆಲ್ಟ್ ಮೇಲೆ ಉರುಳುತ್ತದೆ. ಯಂತ್ರ ಲೆಕ್ಕ ಹಾಕಿದ ಜಾಗದಲ್ಲಿ ಅದು ಇರುವುದೇ ಇಲ್ಲ.

ಪರದೆಯಲ್ಲಿ ಪಿವಿಸಿ ಎಂದು ಸರಿಯಾಗಿ ಬಂದೂ ತುಂಡು ಹೊರಗೆ ಹಾರದಿದ್ದರೆ ಗಾಳಿ ಹೊಡೆಯುವ ನಾಝಲ್ ಕಡೆ ಹೋಗಿ. ಬೆಲ್ಟ್ ಸೆಕೆಂಡಿಗೆ 3 ಮೀಟರ್ ಓಡುತ್ತಿದ್ದರೆ, 5 ಮಿಲಿಸೆಕೆಂಡ್ ತಪ್ಪಿದರೂ ಹೊಡೆತ 15 ಮಿಲಿಮೀಟರ್ ಆಚೆ ಬೀಳುತ್ತದೆ. ಬೆಲ್ಟ್ ಜಾರುತ್ತಿದೆಯೇ, ಬೆಲ್ಟ್ ಓಟ ಅಳೆಯುವ ಎನ್‌ಕೋಡರ್ ಗಟ್ಟಿಯಾಗಿ ಕೂತಿದೆಯೇ ನೋಡಿ. ಗಾಳಿಯ ಒತ್ತಡವನ್ನು ಕಂಪ್ರೆಸರ್ ಬಳಿ ಓದಿದರೆ ಸಾಲದು, ನಾಝಲ್ ಸಾಲಿನ ಬುಡದಲ್ಲೇ, ಅದೂ ಹಲವು ವಾಲ್ವ್ ಒಟ್ಟಿಗೆ ತೆರೆದಾಗ ಓದಬೇಕು. ಅಲ್ಲಿ ಒತ್ತಡ ಕುಸಿದರೆ ಯಂತ್ರದ ಪಕ್ಕದಲ್ಲೇ ಏರ್ ಟ್ಯಾಂಕ್ ಬೇಕು. ಗಾಳಿಯಲ್ಲಿ ನೀರು, ಎಣ್ಣೆ ಬಂದರೆ ವಾಲ್ವ್ ಅಂಟಿಕೊಂಡು ತಡವಾಗಿ ತೆರೆಯುತ್ತದೆ. ಒಂದೊಂದೇ ವಾಲ್ವ್ ಓಡಿಸಿ ಪರೀಕ್ಷಿಸಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡೇ.

ಒಂಟಿಯಾಗಿ ಬಿಟ್ಟಾಗಲೂ ಗುರುತು ಸಿಗದಿದ್ದರೆ ಬೆಳಕಿನಿಂದ ಶುರುಮಾಡಿ. ಇಂಥ ಸೆನ್ಸರುಗಳು ಸಾಮಾನ್ಯವಾಗಿ 900ರಿಂದ 1700 ನ್ಯಾನೋಮೀಟರ್ ತರಂಗಾಂತರದಲ್ಲಿ ನೋಡುತ್ತವೆ, ಅಲ್ಲಿ ಹ್ಯಾಲೊಜೆನ್ ದೀಪವೇ ಅವುಗಳ ಆಧಾರ. ಬೆಲ್ಟ್ ಅಗಲದ ಒಂದೇ ಪಟ್ಟಿಯಲ್ಲಿ ತುಂಡುಗಳು ತಪ್ಪುತ್ತಿದ್ದರೆ ಅಲ್ಲಿನ ದೀಪ ಮಂದವಾಗಿದೆ ಅಥವಾ ಗಾಜಿನ ಮೇಲೆ ಧೂಳು ಕೂತಿದೆ. ದೀಪ ಬಿಸಿಯಾಗಿ ಸ್ಥಿರವಾದ ಮೇಲಷ್ಟೇ ಬಿಳಿ ಫಲಕ ಇಟ್ಟು ಕ್ಯಾಲಿಬ್ರೇಷನ್ ಮಾಡಿ. ಕೊಳೆಯಾದ ಫಲಕ ಇಟ್ಟರೆ ಇಡೀ ದಿನದ ಓದು ತಪ್ಪು. ಒದ್ದೆ ಮಾಲು ಇನ್ನೊಂದು ತೊಂದರೆ: ನೀರು 1450 ನ್ಯಾನೋಮೀಟರ್ ಸುತ್ತ ಬೆಳಕನ್ನು ಜೋರಾಗಿ ಹೀರಿ, ಪ್ಲಾಸ್ಟಿಕ್‌ನ ಗುರುತನ್ನು ಮಸುಕು ಮಾಡುತ್ತದೆ.

ಬಾಟಲಿಯನ್ನು ಪೂರ್ತಿ ಸುತ್ತಿದ ಲೇಬಲ್ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಹಲವರು ಇದನ್ನು ಸೆನ್ಸರ್ ದೋಷವೆಂದೇ ಭಾವಿಸುತ್ತಾರೆ. ಒಳಗೆ ಪೆಟ್, ಮೇಲೆ ಪಿವಿಸಿ ಹಾಳೆ ಇದ್ದರೆ ಯಂತ್ರಕ್ಕೆ ಕಾಣುವುದು ಎರಡರ ಬೆರಕೆ. ಅದನ್ನು ಪೆಟ್ ಎಂದು ಬಿಟ್ಟರೆ ಹಾಳೆ ಒಳಗೆ ಹೋಗುತ್ತದೆ, ಪಿವಿಸಿ ಎಂದು ತಳ್ಳಿದರೆ ಒಳ್ಳೆ ಬಾಟಲಿ ನಷ್ಟ. ಸೆಟ್ಟಿಂಗ್ ಎಷ್ಟು ತಿದ್ದಿದರೂ ಈ ಎರಡರಲ್ಲಿ ಒಂದನ್ನು ಒಪ್ಪಲೇಬೇಕು. ಸರಿಯಾದ ದಾರಿ ಎಂದರೆ ಸೆನ್ಸರ್‌ಗೂ ಮೊದಲು ಲೇಬಲ್ ಸುಲಿಯುವ ಯಂತ್ರ. ಅದೇ ಮಾಲನ್ನು ಎರಡನೇ ಸಲ ಓಡಿಸಿದರೂ ನಿರೀಕ್ಷಿಸಿದಷ್ಟು ಲಾಭವಿಲ್ಲ: ಅಕಸ್ಮಾತ್ ತಪ್ಪಿದ್ದು ಸಿಗುತ್ತದೆ, ಹಾಳೆ ಸುತ್ತಿದ್ದು ಮತ್ತೆ ತಪ್ಪುತ್ತದೆ.

ಕಪ್ಪು ತುಂಡುಗಳ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನ ಸರಿ, ಇದು ಸೆನ್ಸರಿನದೇ ಮಿತಿ. ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕ್ ಬೆಳಕನ್ನು ನುಂಗಿಬಿಡುತ್ತದೆ, ಓದಲು ಏನೂ ಹಿಂದಿರುಗಿ ಬರುವುದಿಲ್ಲ. ಕಪ್ಪು ಬೆಲ್ಟೂ ಕಪ್ಪು ತುಂಡೂ ಅದಕ್ಕೆ ಒಂದೇ. ನಿಮಗೆ ಶುದ್ಧ ಪೆಟ್ ಅಷ್ಟೇ ಬೇಕಿದ್ದರೆ ಯಂತ್ರವನ್ನು ತಿರುಗಿಸಿ ಹೊಂದಿಸಿ: ಪಿವಿಸಿಯನ್ನು ತಳ್ಳುವ ಬದಲು, ಪೆಟ್ ಎಂದು ಗುರುತಾದದ್ದನ್ನು ಮಾತ್ರ ಹಾರಿಸಿ. ಆಗ ಗುರುತು ಸಿಗದ್ದೆಲ್ಲ ತಾನಾಗಿ ಕೆಳಗೆ ಉಳಿಯುತ್ತದೆ. ಗಾಳಿ ಖರ್ಚು ಹೆಚ್ಚುತ್ತದೆ, ಪೆಟ್ ಸ್ವಲ್ಪ ನಷ್ಟವಾಗುತ್ತದೆ. ಕಪ್ಪು ಪ್ಲಾಸ್ಟಿಕ್‌ನ ಬಗೆಯನ್ನೇ ತಿಳಿಯಬೇಕಿದ್ದರೆ 3ರಿಂದ 5 ಮೈಕ್ರೊಮೀಟರ್ ವ್ಯಾಪ್ತಿಯ ಮಧ್ಯ ಅವಕೆಂಪು ಸೆನ್ಸರ್ ಬೇಕು. ಬರೀ ಪಿವಿಸಿಯ ಚಿಂತೆಯಾದರೆ ಎಕ್ಸ್-ರೇ ಸಾಕು: ಪಿವಿಸಿಯ ತೂಕದಲ್ಲಿ ಸುಮಾರು 57 ಪ್ರತಿಶತ ಕ್ಲೋರಿನ್, ಅದನ್ನು ಹಿಡಿಯಲು ಬಣ್ಣ ಯಾವುದಾದರೇನು. ಆದರೆ ಎಕ್ಸ್-ರೇ ಫ್ಲೂರೆಸೆನ್ಸ್‌ನಲ್ಲಿ (ಎಕ್ಸ್-ರೇ ಬಿದ್ದಾಗ ವಸ್ತು ಹೊರಸೂಸುವ ಕಿರಣವನ್ನು ಓದುವ ವಿಧಾನ) ಕ್ಲೋರಿನ್ ಕೊಡುವ ಸಂಕೇತ ದುರ್ಬಲ, ಲೇಬಲ್ ಮತ್ತು ಕೊಳೆ ಅದನ್ನು ತಡೆಯುತ್ತವೆ. ಕೊಳ್ಳುವ ಮೊದಲು ನಿಮ್ಮದೇ ಕೊಳೆ ಮಾಲನ್ನು ಕಳಿಸಿ, ಬಣ್ಣ ಹಚ್ಚಿದ ಅದೇ 100 ತುಂಡುಗಳನ್ನು ಅದರಲ್ಲಿ ಬೆರೆಸಿ, ಪೂರ್ತಿ ಲೋಡಿನಲ್ಲಿ ಓಡಿಸಿ ತೋರಿಸಲು ಹೇಳಿ.