ವಾರ್ಡ್ ಪ್ರಶ್ನೆ: ಮಾಜಿ ಕಾರ್ಪೊರೇಟರ್ ಉತ್ತರಿಸುತ್ತಾರೆ

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಬೀದಿಗೆ ಹೊಸ ಡಾಂಬರು ಹಾಕಿದರು. ಮಳೆಗಾಲಕ್ಕೆ ಮೊದಲೇ ಒಳಚರಂಡಿ ಪೈಪಿಗೆಂದು ಅಗೆದರು. ಈಗ ರಸ್ತೆ ಕುಸಿದಿದೆ, ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುತ್ತದೆ. ನಮ್ಮ ಕಾರ್ಪೊರೇಟರ್ ‘ಜೆಇಗೆ (ಜೂನಿಯರ್ ಎಂಜಿನಿಯರ್) ಹೇಳಿದ್ದೀನಿ’ ಅಂತಾರೆ, ಅಷ್ಟೇ. ಏನು ಮಾಡೋದು ಮೇಡಂ?
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ಅವರು ಸುಳ್ಳು ಹೇಳುತ್ತಿಲ್ಲ. ಜೆಇಗೆ ಹೇಳಿಯೇ ಇರುತ್ತಾರೆ. ಆದರೆ ಬಾಯಿಮಾತಿಗೆ ಪಾಲಿಕೆಯಲ್ಲಿ ಫೈಲ್ ಹುಟ್ಟುವುದಿಲ್ಲ.

ಕರ್ನಾಟಕ ಮಹಾನಗರ ಪಾಲಿಕೆಗಳ 1976ರ ಕಾಯ್ದೆ ಪ್ರಕಾರ ಕೆಲಸ ಮಾಡಿಸುವ ಅಧಿಕಾರ ಆಯುಕ್ತರದು. ಬಿಲ್ಲಿಗೆ ಕಾರ್ಪೊರೇಟರ್ ಸಹಿ ನಡೆಯುವುದಿಲ್ಲ. ಅವರಿಗೆ ಇರುವುದು ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು. ಅಲ್ಲಿ ಅಧಿಕಾರಿ ಕೊಟ್ಟ ಉತ್ತರ ನಡವಳಿ ಪುಸ್ತಕಕ್ಕೆ ಹೋಗುತ್ತದೆ. ಹಾಗಾಗಿ ಅವರು ಸಭೆಯಲ್ಲಿ ಎತ್ತಿ ತೋರಿಸುವಂಥ ಒಂದು ಕಾಗದ ನೀವು ಕೊಡಬೇಕು. ‘ರಸ್ತೆ ಹಾಳಾಗಿದೆ’ ಅಂತ ಬರೆದರೆ ಸಾಲದು. ಅಗೆದವರು ಯಾರು? ರೋಡ್ ಕಟಿಂಗ್ ಅನುಮತಿ ಇತ್ತಾ? ರಸ್ತೆ ಮತ್ತೆ ಸರಿಮಾಡಲು ಎಷ್ಟು ಹಣ ಕಟ್ಟಿಸಿಕೊಂಡಿದ್ದಾರೆ? ಎಷ್ಟೋ ಊರುಗಳಲ್ಲಿ ಒಳಚರಂಡಿ ಯೋಜನೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು, ಡಾಂಬರು ಪಾಲಿಕೆಯದು. ಇಬ್ಬರಿಗೂ ಒಂದೊಂದು ಪ್ರತಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಉತ್ತರ ಬರಲಿಲ್ಲವಾ, ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಕೆಲಸದ ಅಳತೆ ಪುಸ್ತಕದ ನಕಲನ್ನೇ ಕೇಳಿ, ಕಚೇರಿಯಲ್ಲಿ ಎಂಬಿ ಅಂತಾರೆ. ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆದಿಡುವುದು ಅದರಲ್ಲೇ. ಪೈಪ್ ಹಾಕಿದ ಮೇಲೆ ಮಣ್ಣನ್ನು ಪದರ ಪದರವಾಗಿ ತುಂಬಿ, ನೀರು ಹಾಯಿಸಿ, ದಿಮ್ಮಿಸಬೇಕು. ಆಗುವುದೇನು? ಜೆಸಿಬಿಯಲ್ಲಿ ಒಂದೇ ಸಲ ಎಳೆದು ಮುಚ್ಚಿ ಹೋಗುತ್ತಾರೆ. ಮೊದಲ ಮಳೆಗೇ ಕುಸಿಯುತ್ತದೆ. ಬಿಲ್ ಪಾಸಾಗುವ ಮೊದಲೇ ಗಲಾಟೆ ಮಾಡಿ. ಬಿಲ್ ಆದ ಮೇಲೆ ಗುತ್ತಿಗೆದಾರ ನಿಮ್ಮ ಬೀದಿ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಮ್ಯಾನ್‌ಹೋಲ್ ವಿಚಾರ ಬೇರೆ. ಮಳೆ ಬಂದಾಗ ಮಾತ್ರ ಉಕ್ಕುತ್ತದೆ ಅಂದರೆ ನಿಮ್ಮ ಸಾಲಿನಲ್ಲಿ ಯಾರ್‍ಯಾರ ತಾರಸಿ ನೀರಿನ ಪೈಪು ಒಳಚರಂಡಿ ಚೇಂಬರಿಗೆ ಇಳಿದಿದೆ ಅಂತ ಒಂದು ಸುತ್ತು ನೋಡಿ ಬನ್ನಿ. ಆ ಪೈಪ್‌ಲೈನ್ ಮಾಡಿರುವುದು ಬಚ್ಚಲು, ಕಕ್ಕಸಿನ ನೀರಿಗೆ. ಮಳೆ ನೀರು ಹೋಗಬೇಕಾದ್ದು ರಸ್ತೆ ಪಕ್ಕದ ಮೋರಿಗೆ. ಗೆದ್ದು ಕುರ್ಚಿಯಲ್ಲಿ ಇರುವವರು ಇದನ್ನು ಹೇಳುವುದಿಲ್ಲ, ವೋಟು ಹೋಗುತ್ತಲ್ವಾ! ನಾನೀಗ ಮಾಜಿ, ಹೇಳಬಹುದು. ಇನ್ನೊಂದು ಮಾತು: ಅವಸರಕ್ಕೆ ಯಾರನ್ನೋ ಕರೆದು ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅದು ಅಪರಾಧ. ವಿಷಗಾಳಿಗೆ ಜೀವ ಹೋಗುತ್ತದೆ. ರಭಸದ ನೀರು ಹಾಯಿಸಿ ಪೈಪ್ ಬಿಡಿಸುವ ಜೆಟ್ಟಿಂಗ್ ಮಷಿನ್ ಕಳಿಸಿ ಅಂತಲೇ ಕೇಳಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಗೆದ್ದವರು ಮಹಿಳೆ. ಫೋನ್ ಎತ್ತುವುದು ಅವರ ಗಂಡ. ಯಾರ ಹತ್ತಿರ ಮಾತಾಡಬೇಕು?
– ಗೃಹಿಣಿ

ಉತ್ತರ: ಗೆದ್ದವರ ಹತ್ತಿರವೇ. ‘ನಮಸ್ಕಾರ ಸರ್, ಮೇಡಂಗೆ ಕೊಡ್ತೀರಾ?’ ಅನ್ನಿ. ಪ್ರತಿ ಸಲವೂ ಅನ್ನಿ. ಅರ್ಜಿಯನ್ನೂ ಅವರ ಹೆಸರಿಗೇ ಬರೆಯಿರಿ. ಪಾಲಿಕೆಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲಿಟ್ಟಿರುವುದು ಗಂಡಂದಿರು ವಾರ್ಡ್ ಸುತ್ತಲಿ ಅಂತಲ್ಲ.

ನಾನು ಗೆದ್ದ ಹೊಸತರಲ್ಲಿ ಜನ ನಮ್ಮ ಯಜಮಾನರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಗ ಹಿಂದಿನ ಬೀದಿಗೆ ನೀರು ಬಿಡುತ್ತಿದ್ದದ್ದು ನಡುರಾತ್ರಿ. ಅಲ್ಲಿನ ಹೆಂಗಸರು ಒಂದು ಬೆಳಿಗ್ಗೆ ಸೀದಾ ನಮ್ಮ ಅಡುಗೆಮನೆಗೇ ಬಂದರು. ಕೊಡ ಹಿಡಿದು ನಿದ್ದೆಗೆಡುವವರು ಅವರೇ ತಾನೇ? ವಾಲ್ವ್‌ಮ್ಯಾನನ್ನು ಕರೆಸಿ ಕೂರಿಸಿಕೊಂಡು, ಯಾವ ಬೀದಿಗೆ ಎಷ್ಟು ಹೊತ್ತು ಅಂತ ಕೇಳಿ ಕೇಳಿ ಬರೆದುಕೊಂಡೆ. ಎರಡು ಬೀದಿಗಳ ಸರದಿ ಅದಲು ಬದಲು ಮಾಡಿದರೆ ಸಾಕಾಗಿತ್ತು. ಎಂಜಿನಿಯರ್ ಒಪ್ಪಿದರು, ನೀರು ಬೆಳಗಿನ ಹೊತ್ತಿಗೆ ಬಂತು. ಅಲ್ಲಿಂದ ಮುಂದೆ ಫೋನ್ ಬಂದರೆ ಯಜಮಾನರೇ ‘ನಿಂಗೇ ಇರಬೇಕು, ನೋಡು’ ಅನ್ನತೊಡಗಿದರು.