ರ‍್ಯಾಕ್‌ಗೆ ಒಂದೇ ಸ್ವಿಚ್ ಸಾಕೇ?

ಪ್ರಶ್ನೆ: ನಮ್ಮ ಕಲ್ಯಾಣ ಮಂಟಪದ ರ‍್ಯಾಕ್‌ನಲ್ಲಿ ಡಿಜಿಟಲ್ ಮಿಕ್ಸರ್, ಈಕ್ವಲೈಜರ್, ಕ್ರಾಸ್‌ಓವರ್ (ಸದ್ದನ್ನು ಕೆಳಸ್ವರ, ಮೇಲ್ಸ್ವರಗಳಾಗಿ ವಿಂಗಡಿಸುವ ಸಾಧನ), ಮೂರು ಪವರ್ ಆಂಪ್ಲಿಫೈಯರ್ ಇವೆ. ಎಲ್ಲಕ್ಕೂ ಗೋಡೆಯ ಮೇಲೆ ಒಂದೇ ಸ್ವಿಚ್. ಹಾಕಿದ ಕೂಡಲೇ ಸ್ಪೀಕರ್ ‘ಧಡ್’ ಎನ್ನುತ್ತದೆ, ಕೆಲವೊಮ್ಮೆ ಎಂಸಿಬಿಯೂ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಮೇಲ್ಸ್ವರ ನುಡಿಸುವ ಹಾರ್ನ್ ಡ್ರೈವರಿನ ಡಯಾಫ್ರಾಮ್ (ಅದುರುವ ತೆಳುಪೊರೆ) ಎರಡು ಸಲ ಬದಲಿಸಿದ್ದಾಯಿತು. ಏನು ಮಾಡಬೇಕು?
– ಓದುಗರು, ತಿಪಟೂರು

ಉತ್ತರ: ಮಿಕ್ಸರ್, ಕ್ರಾಸ್‌ಓವರ್‌ಗಳಿಗೆ ಕರೆಂಟ್ ಸಿಕ್ಕ ಮೊದಲ ಕ್ಷಣಗಳಲ್ಲಿ ಅವುಗಳ ಔಟ್‌ಪುಟ್ ವೋಲ್ಟೇಜ್ ನೆಲೆಗೊಂಡಿರುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ. ಆ ಹೊತ್ತಿಗೆ ಆಂಪ್ಲಿಫೈಯರ್ ಎದ್ದಿದ್ದರೆ ಆ ಜಿಗಿತವನ್ನೇ ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಕೆಳಸ್ವರದ ಸ್ಪೀಕರ್ ಆದ ವೂಫರ್ ಹೇಗೋ ತಡೆದುಕೊಳ್ಳುತ್ತದೆ. ಹಾರ್ನ್ ತಡೆಯುವುದಿಲ್ಲ, ಏಕೆಂದರೆ ಆಕ್ಟಿವ್ ಕ್ರಾಸ್‌ಓವರ್ (ಆಂಪ್ಲಿಫೈಯರಿಗೆ ಮೊದಲೇ ಸದ್ದು ವಿಂಗಡಿಸುವ ಬಗೆ) ಇರುವ ಕಡೆ ಆಂಪ್ಲಿಫೈಯರಿಗೂ ಡ್ರೈವರಿಗೂ ನಡುವೆ ಬರೀ ವೈರ್ ಇರುತ್ತದೆ.

ಆನ್ ಮಾಡುವಾಗ ಮಿಕ್ಸರ್ ಮೊದಲು. ಅದು ಪೂರ್ತಿ ಬೂಟ್ ಆಗಲಿ. ಆಮೇಲೆ ಈಕ್ವಲೈಜರ್, ಕ್ರಾಸ್‌ಓವರ್. ಹತ್ತು ಸೆಕೆಂಡ್ ಬಿಟ್ಟು ಆಂಪ್ಲಿಫೈಯರ್‌ಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ. ಆಫ್ ಮಾಡುವಾಗ ಇದು ಪೂರ್ತಿ ತಿರುಗುಮುರುಗು: ಮೊದಲು ಆಂಪ್ಲಿಫೈಯರ್. ಅವುಗಳ ಕೆಪಾಸಿಟರ್ ಖಾಲಿಯಾಗಲು ಅರ್ಧ ನಿಮಿಷ ಕೊಟ್ಟು ಉಳಿದವನ್ನು ಆರಿಸಿ.

ಇಷ್ಟಾದರೂ ‘ಧಡ್’ ನಿಲ್ಲದಿದ್ದರೆ ಆಂಪ್ಲಿಫೈಯರ್ ಆಫ್ ಮಾಡಿ, ಇನ್‌ಪುಟ್ ಕೇಬಲ್ ಕಿತ್ತು, ಮತ್ತೆ ಹಾಕಿ ನೋಡಿ. ಆಗಲೂ ಸದ್ದು ಬಂದರೆ ಆಂಪ್ಲಿಫೈಯರ್ ಒಳಗಿನ ಸ್ಪೀಕರ್ ರಿಲೇ (ಆನ್ ಆಗಿ ತುಸು ಹೊತ್ತಾದ ಮೇಲೆ ಸ್ಪೀಕರ್ ಜೋಡಿಸುವ ಸ್ವಿಚ್) ಅಥವಾ ಅದರ ಡಿಲೇ ಸರ್ಕ್ಯೂಟ್ ಕೈಕೊಟ್ಟಿರಬಹುದು. ವಾಲ್ಯೂಮ್ ತಗ್ಗಿಸಿ ಫಲವಿಲ್ಲ: ಆ ನಾಬ್ ಇರುವುದು ಇನ್‌ಪುಟ್ ಕಡೆ, ಈ ಸದ್ದು ಹುಟ್ಟುವುದು ಅದರಾಚೆ.

ಹಾರ್ನ್‌ಗೆ ಇನ್ನೊಂದು ಕಾವಲೂ ಇರಲಿ. ಕ್ರಾಸ್‌ಓವರ್ 1.5 ಕಿಲೋಹರ್ಟ್ಸ್ ಆಸುಪಾಸಿನಲ್ಲಿದ್ದು ಡ್ರೈವರ್ 8 ಓಮ್‌ನದಾಗಿದ್ದರೆ 33ರಿಂದ 47 ಮೈಕ್ರೋಫ್ಯಾರಡ್‌ನ, 250 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಒಂದನ್ನು ಡ್ರೈವರಿನೊಂದಿಗೆ ಸೀರೀಸ್‌ನಲ್ಲಿ ಹಾಕಿಸಿ. ಡಿಸಿಯನ್ನೂ ಧಡ್ ಸದ್ದಿನ ಬಹುಪಾಲನ್ನೂ ಅದು ತಡೆಯುತ್ತದೆ. ಡಯಾಫ್ರಾಮ್ ಬೆಲೆಯ ಮುಂದೆ ಇದು ಚಿಲ್ಲರೆ ಖರ್ಚು.

ಇನ್ನು ಎಂಸಿಬಿ. ಸ್ವಿಚ್ ಒತ್ತಿದ ಕ್ಷಣವೇ ಬಿದ್ದರೆ ಅದು ಇನ್‌ರಷ್: ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳು ಒಮ್ಮೆಲೇ ಎಳೆಯುವ ಕರೆಂಟ್. ಕಾರ್ಯಕ್ರಮದ ನಡುವೆ ಬಿದ್ದರೆ ಬಹುತೇಕ ಓವರ್‌ಲೋಡ್. ಎಷ್ಟು ಪಟ್ಟು ಕರೆಂಟಿಗೆ ತಕ್ಷಣ ಬೀಳಬೇಕೆಂಬುದನ್ನು ಎಂಸಿಬಿಯ ‘ಕರ್ವ್’ ಹೇಳುತ್ತದೆ: ಬಿ ಕರ್ವ್ ಎಂಸಿಬಿ ತನ್ನ ರೇಟಿಂಗ್‌ನ 3ರಿಂದ 5 ಪಟ್ಟಿಗೆ ತಕ್ಷಣ ಬೀಳುತ್ತದೆ, ಸಿ ಕರ್ವ್ 5ರಿಂದ 10 ಪಟ್ಟಿಗೆ. ಮೊದಲು ಒಂದೊಂದಾಗಿ ಹಾಕಿ ನೋಡಿ; ಆಗಲೂ ಬಿದ್ದರೆ ಎಲೆಕ್ಟ್ರಿಷಿಯನ್‌ಗೆ ಎಂಸಿಬಿಯ ಕರ್ವ್ ಯಾವುದೆಂದು ತೋರಿಸಿ. 16 ಆಂಪಿಯರ್ ಇದ್ದಲ್ಲಿ 32 ಹಾಕಿಸಬೇಡಿ. ಎಂಸಿಬಿ ಬೀಳುವುದು ನಿಲ್ಲುತ್ತದೆ, ಒಳಗಿನ ವೈರ್ ಬೇಯಲು ಶುರುವಾಗುತ್ತದೆ.

ಆಫ್ ಮಾಡಿ ತಕ್ಷಣ ಆನ್ ಮಾಡುವ ಚಾಳಿಯೂ ಬೇಡ. ಇನ್‌ರಷ್ ತಡೆಯಲು ಹಲವು ಆಂಪ್ಲಿಫೈಯರ್‌ಗಳಲ್ಲಿ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ಕರೆಂಟಿಗೆ ತಡೆ ಕಡಿಮೆಯಾಗುವ ಬಿಡಿಭಾಗ) ಇರುತ್ತದೆ. ಅದು ತಣ್ಣಗಿದ್ದಾಗ ಮಾತ್ರ ತಡೆಯುತ್ತದೆ. ಒಂದು ನಿಮಿಷವಾದರೂ ಆರಲು ಬಿಡಿ.

ಪ್ರಶ್ನೆ: ಕರೆಂಟ್ ಪದೇ ಪದೇ ಹೋಗುವ ಊರು ನಮ್ಮದು. ಸಾಧನಗಳನ್ನು ಕ್ರಮವಾಗಿ ಒಂದೊಂದಾಗಿ ಆನ್ ಮಾಡುವ ಸೀಕ್ವೆನ್ಸರ್ ಕೊಂಡರೆ ಸಾಕೇ, ಯುಪಿಎಸ್ ಕೂಡ ಬೇಕೇ?
– ಓದುಗರು, ಶಿರಸಿ

ಉತ್ತರ: ಎರಡೂ ಬೇಕು, ಬೇರೆ ಬೇರೆ ಕೆಲಸಕ್ಕೆ. ಮಿಕ್ಸರ್, ಕ್ರಾಸ್‌ಓವರ್‌ಗಳನ್ನು ಮಾತ್ರ ಯುಪಿಎಸ್‌ಗೆ ಹಾಕಿ. ಸಣ್ಣ ಯುಪಿಎಸ್ ಸಾಕು, ಲೇಬಲ್‌ನಲ್ಲಿ ವಿಎ ಅಲ್ಲ, ವ್ಯಾಟ್ ನೋಡಿ. ಆಂಪ್ಲಿಫೈಯರ್‌ಗಳು ಮೈನ್ಸ್‌ನಲ್ಲೇ ಇರಲಿ. ಕರೆಂಟ್ ಹೋದಾಗ ಆಂಪ್ಲಿಫೈಯರ್ ಮೊದಲು ಸಾಯುತ್ತದೆ, ಬಂದಾಗ ಮಿಕ್ಸರ್ ಎದ್ದೇ ಇರುತ್ತದೆ. ಸರಿಯಾದ ಕ್ರಮ ತಾನೇ ಬಂತು! ಮಿಕ್ಸರಿನ ಸೀನ್ ಮೆಮೊರಿಯೂ (ಉಳಿಸಿಟ್ಟ ಸೆಟ್ಟಿಂಗ್‌ಗಳು) ಕೆಡುವುದಿಲ್ಲ. ಆಂಪ್ಲಿಫೈಯರ್‌ಗಳು ಒಟ್ಟಿಗೆ ಏಳದಂತೆ ಅವನ್ನು ಸೀಕ್ವೆನ್ಸರ್‌ಗೆ ಹಾಕಿ. ಕೊಳ್ಳುವಾಗ ಮುಂದಿನ ಸ್ಟಿಕ್ಕರಿನಲ್ಲಿ ಬರೆದ ಒಟ್ಟು ಆಂಪಿಯರ್ ನಂಬದೆ ಹಿಂದಿನ ಪ್ಲಗ್ ನೋಡಿ: 16 ಆಂಪಿಯರ್ ಪ್ಲಗ್‌ನಿಂದ 30 ಆಂಪಿಯರ್ ಬರುವುದಿಲ್ಲ.

ಜನರೇಟರ್‌ಗೆ ಬದಲಿಸುವ ಮುನ್ನ ಆಂಪ್ಲಿಫೈಯರ್‌ಗಳ ಸ್ವಿಚ್ ಆರಿಸಿ. ಬದಲಿಸಿದ ಮೇಲೆ ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಇದೆಯೇ ನೋಡಿಯೇ ಮುಂದುವರಿಯಿರಿ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಳಚಿದ್ದರೆ ವೋಲ್ಟೇಜ್ 400ರ ಹತ್ತಿರ ಹೋಗಬಹುದು. ಅದನ್ನು ಸೀಕ್ವೆನ್ಸರ್ ತಡೆಯುವುದಿಲ್ಲ.

ಪ್ರಶ್ನೆ: ಹಮ್ (ಸ್ಪೀಕರಿನಲ್ಲಿ ‘ಗುಂಯ್’ ಸದ್ದು) ಬರುತ್ತದೆಂದು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ತೆಗೆಯಬಹುದೇ?
– ಓದುಗರು, ಹಾಸನ

ಉತ್ತರ: ಬೇಡವೇ ಬೇಡ. ಒಳಗೆ ಲೀಕೇಜ್ ಆದರೆ ರ‍್ಯಾಕ್ ಚೌಕಟ್ಟು, ಕೊನೆಗೆ ಹಾಡುವವರ ಮೈಕ್ ಕೂಡ ಶಾಕ್ ಹೊಡೆಯುತ್ತದೆ. ಎಲ್ಲ ಸಾಧನಗಳಿಗೂ ಒಂದೇ ಪಾಯಿಂಟ್‌ನಿಂದ ಅರ್ಥ್ ಕೊಡಿ, ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ರದ್ದಾಗುವಂತೆ ಎರಡು ಸಿಗ್ನಲ್ ವೈರ್ ಇರುವ ಕೇಬಲ್) ಬಳಸಿ. ಲ್ಯಾಪ್‌ಟಾಪ್, ಕೀಬೋರ್ಡ್‌ಗಳಿಗೆ ಡಿಐ ಬಾಕ್ಸ್ (ಅವುಗಳ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡುವ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ, ಅದು ಸಿಗ್ನಲ್ ಕೇಬಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ.